ಒಂಬತ್ತು ವಾರ ಎಲ್ಲಿ ಕಳೆಯುತ್ತದೆ?

ಚಿಕ್ಕಮಗಳೂರು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ, ವೈದ್ಯಕೀಯ ಗರ್ಭಪಾತ ಕಾಯ್ದೆಯ ಜಿಲ್ಲಾ ಮಟ್ಟದ ಸಮಿತಿಯ ಸದಸ್ಯರಿಗೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ನನ್ನ ಜಾಗದಲ್ಲಿ ಈಗ ಕೂತಿರುವ ತಂಗಿಯರಿಗೆ, ಮತ್ತು ಈ ಪತ್ರ ಕಣ್ಣಿಗೆ ಬಿದ್ದ ಎಲ್ಲರಿಗೆ.

ಮಾನ್ಯರೇ,

ನಾನು 1989ರಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸಕ್ಕೆ ಸೇರಿದವಳು. 2022ರಲ್ಲಿ ನಿವೃತ್ತಳಾದೆ. ಸರ್ವಿಸಿನ ಹೆಚ್ಚು ಪಾಲು ಕಳೆದದ್ದು ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, "ಸಾವಿರಾರು ಹೆರಿಗೆ ಮಾಡಿಸಿದ ಕೈ" ಅಂತ ಹೊಗಳಿದರು. ಸಂತೋಷವೇ. ಆದರೆ ಅದೇ ವಾರ್ಡಿನ ಬಾಗಿಲಿಗೆ ಬೇಡದ ಬಸುರು ತೆಗೆಸಿಕೊಳ್ಳಲು ಬಂದು ನಿಂತ ಹೆಂಗಸರ ಲೆಕ್ಕವನ್ನು ಅವತ್ತು ಯಾರೂ ಎತ್ತಲಿಲ್ಲ. ಈ ಪತ್ರ ಅವರ ವಿಚಾರ.

ಯಾರ ಹೆಸರನ್ನೂ ಬರೆಯುವುದಿಲ್ಲ. ಯಾವ ಆಸ್ಪತ್ರೆ ಅಂತಲೂ ಹೇಳುವುದಿಲ್ಲ. ಗುರುತು ಸಿಗಬಹುದಾದ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ. ಗರ್ಭಪಾತ ಮಾಡಿಸಿಕೊಂಡವಳ ಗುರುತನ್ನು ಬಿಟ್ಟುಕೊಡುವುದು ಕಾಯ್ದೆಯ 5ಎ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲಾಗಬಹುದಾದ ಅಪರಾಧ. ಈ ಮಾತನ್ನು ನಮ್ಮ ಒಪಿಡಿಯಲ್ಲಿ "ಏಯ್, ಅಬಾರ್ಷನ್ ಕೇಸು ಯಾರು, ಒಳಗೆ ಬನ್ನಿ" ಅಂತ ಕೂಗುವವರು ಒಮ್ಮೆ ಓದಿಕೊಂಡರೆ ಒಳ್ಳೆಯದು.

ಒಂದು ಜುಲೈ ರಾತ್ರಿ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ. ಕರೆಂಟಿಲ್ಲದೆ ಜನರೇಟರ್ ಓಡುತ್ತಿತ್ತು. ಹನ್ನೊಂದರ ಹೊತ್ತಿಗೆ ಕಾಫಿ ತೋಟದ ಪಿಕಪ್ ಒಂದು ಬಂದು ನಿಂತಿತು. ಹಿಂದೆ ಟಾರ್ಪಾಲಿನಡಿ ಗೋಣಿಚೀಲದ ಮೇಲೆ ಒಬ್ಬಳನ್ನು ಮಲಗಿಸಿಕೊಂಡು ಬಂದಿದ್ದರು, ಜೊತೆಗೆ ಅತ್ತೆ. ದಾರಿಗೆ ಮರ ಬಿದ್ದು, ಅದನ್ನು ಕೊಯ್ದು ಸರಿಸುವ ಹೊತ್ತಿಗೆ ಎರಡು ಗಂಟೆ ಹೋಗಿತ್ತಂತೆ. ಹೊದಿಸಿದ ಕಂಬಳಿ ಒದ್ದೆಯಾಗಿತ್ತು, ಮಳೆಗಲ್ಲ. "ಮುಟ್ಟು ಜಾಸ್ತಿ ಹೋಗ್ತಿದೆ ಸಿಸ್ಟ್ರೇ" ಅಂದರು ಅತ್ತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಹಾಗಿತ್ತು. ಅತ್ತೆಯನ್ನು ಚೀಟಿ ಮಾಡಿಸಲು ಕಳಿಸಿ, ಅವಳ ಕಿವಿ ಹತ್ತಿರ ಬಗ್ಗಿ ಕೇಳಿದೆ.

"ಮಾತ್ರೆ ತಗೊಂಡ್ಯೇನವ್ವಾ?"

ತಲೆ ಆಡಿಸಿದಳು. ಎಷ್ಟು ತಿಂಗಳು ಅಂದೆ. ಮೂರು ಬೆರಳು ಎತ್ತಿದಳು.

ಗಂಡ ಪೇಟೆಯ ಯಾವುದೋ ಮೆಡಿಕಲ್ ಶಾಪಿನಿಂದ ಕಿಟ್ ತಂದಿದ್ದ. ಡಾಕ್ಟರ ಚೀಟಿಯೂ ಇಲ್ಲ, ಬಿಲ್ಲೂ ಇಲ್ಲ. ಬೇಗ ಆಗಿಹೋಗಲಿ ಅಂತ ಐದೂ ಮಾತ್ರೆ ಒಟ್ಟಿಗೆ ನುಂಗಿಸಿದ್ದ. ಅರ್ಧ ಬಿದ್ದು ಅರ್ಧ ಒಳಗೇ ಉಳಿದಿತ್ತು. ಡಾಕ್ಟರು ಬಂದು ಉಳಿದದ್ದನ್ನು ತೆಗೆದರು. ಹಿಮೋಗ್ಲೋಬಿನ್ ನೋಡಿದರೆ ಆರಕ್ಕಿಂತ ಕಡಿಮೆ. ರಕ್ತ ಏರಿಸಲು ಆ ಮಳೆಯಲ್ಲೇ ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದೆವು. ಬದುಕಿದಳು.

ಕತೆ ಇದಲ್ಲ. ಮೂರು ತಿಂಗಳ ಮೇಲೆ ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದವಳು ಗುರುತು ಹಿಡಿದು ಹತ್ತಿರ ಬಂದಳು. ಮಾತ್ರೆ ತಿನ್ನುವ ಮೊದಲು ಆಸ್ಪತ್ರೆಗೆ ಬರಬಾರದಿತ್ತೇನೇ ಅಂತ ನಾನು ಬೈದೆ. ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. "ಬಂದಿದ್ದೆನಲ್ಲ ಸಿಸ್ಟ್ರೇ, ಎರಡು ಸಲ ಬಂದಿದ್ದೆ. ಮೊದಲನೇ ಸಲ ಗಂಡನ ಸೈನು ಬೇಕು ಅಂದ್ರಿ. ಎರಡನೇ ಸಲ ಡಾಕ್ಟ್ರು ರಜೆ, ಗುರುವಾರ ಬಾ ಅಂದ್ರಿ. ಗುರುವಾರ ತೋಟದಲ್ಲಿ ರಜೆ ಕೊಡಲಿಲ್ಲ."

"ಅಂದ್ರಿ" ಅಂದಳು, "ಅಂದರು" ಅನ್ನಲಿಲ್ಲ. ಆ ಟೇಬಲಿನ ಹಿಂದೆ ಕೂತಿದ್ದವಳು ನಾನೇ ಇರಬಹುದು. ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳಲಾರದಷ್ಟು ಜನಕ್ಕೆ ಆ ಮಾತು ಹೇಳಿದ್ದೇನೆ.

ಮೊದಲ ಸಲ ಬಂದಾಗ ಅವಳಿಗೆ ದಿನ ತಪ್ಪಿ ಎರಡೇ ವಾರ. ಆಸ್ಪತ್ರೆಯ ಲೆಕ್ಕದಲ್ಲಿ ಅದು ಆರು ವಾರ, ಏಕೆಂದರೆ ನಾವು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಈ ಎಣಿಕೆ ಹೊರಗಿನವರಿಗೆ ಗೊತ್ತಿರುವುದಿಲ್ಲ. ದಿನ ತಪ್ಪಿ ಒಂದು ತಿಂಗಳಾದವಳು ತನಗೆ ಒಂದು ತಿಂಗಳು ಅಂದುಕೊಂಡಿರುತ್ತಾಳೆ. ನಮ್ಮ ರಿಜಿಸ್ಟರಿನಲ್ಲಿ ಆಗಲೇ ಎಂಟು ವಾರ ದಾಟಿರುತ್ತದೆ. ಮಾತ್ರೆಯಿಂದ ಮುಗಿಯುವ ಅವಧಿ ಒಂಬತ್ತು ವಾರ. ಅಂದರೆ ದಿನ ತಪ್ಪಿದ ಮೇಲೆ ಅವಳ ಕೈಯಲ್ಲಿ ಉಳಿಯುವುದು ಹೆಚ್ಚೆಂದರೆ ಐದು ವಾರ. ಅದರಲ್ಲಿ ನಾವು ಎಷ್ಟು ತಿನ್ನುತ್ತೇವೆ ಎನ್ನುವುದೇ ನಾನು ಕೇಳಬೇಕೆಂದಿರುವ ಪ್ರಶ್ನೆ.

ತೆಗೆಸಿಕೊಳ್ಳುವುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಬರುವುದಿಲ್ಲ. ಬೆಳಿಗ್ಗೆ ಎದ್ದು ದೇವರಿಗೆ ದೀಪ ಹಚ್ಚುವವಳು ನಾನು, ನನ್ನ ಮನಸ್ಸಿನಲ್ಲೂ ಆ ಪ್ರಶ್ನೆ ಬಂದು ಹೋಗಿದೆ. ಆದರೆ ಕಾನೂನಿನ ಮಟ್ಟಿಗೆ ಅದು 1971ರಲ್ಲಿ ಸಂಸತ್ತಿನಲ್ಲಿ ತೀರ್ಮಾನವಾಗಿದೆ. ಶಾಂತಿಲಾಲ್ ಶಾ ಸಮಿತಿ ಕೂತು ವರದಿ ಕೊಟ್ಟದ್ದು ಅದಕ್ಕೂ ಮೊದಲು, 1966ರಲ್ಲಿ. ಕದ್ದು ಮುಚ್ಚಿ ತೆಗೆಸಿಕೊಳ್ಳಲು ಹೋಗಿ ಹೆಂಗಸರು ಸಾಯುತ್ತಿದ್ದಾರೆ ಎನ್ನುವುದೇ ಆ ಕಾಯ್ದೆಗೆ ದೊಡ್ಡ ಕಾರಣವಾಗಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲೂ ಕಡ್ಡಿ ಹಾಕಿಸಿಕೊಂಡು, ಜ್ವರ ಏರಿ, ವಾಸನೆ ಹೊಡೆಯುತ್ತಾ ಬಂದವರನ್ನು ಕಂಡಿದ್ದೇನೆ. ಆ ವಾಸನೆ ಗೊತ್ತಿರುವವರು ಸರಿ ತಪ್ಪಿನ ಚರ್ಚೆಗೆ ಬೇಗ ಕೂರುವುದಿಲ್ಲ.

ಈಗ ಆ ಕಡ್ಡಿ ಹೋಗಿದೆ. ಅದರ ಜಾಗಕ್ಕೆ ಮಾತ್ರೆ ಬಂದಿದೆ. ಮಾತ್ರೆ ನಿಜಕ್ಕೂ ಒಳ್ಳೆಯ ಔಷಧ, ಅದರ ಮೇಲೆ ನನಗೆ ದೂರಿಲ್ಲ. ಕಿಟ್ಟಿನಲ್ಲಿ ಎರಡು ಬಗೆ ಇರುತ್ತವೆ. ಒಂದೇ ಒಂದಾಗಿರುವುದು 200 ಮಿಲಿಗ್ರಾಂನ ಮಿಫೆಪ್ರಿಸ್ಟೋನ್. ಗರ್ಭವನ್ನು ಹಿಡಿದಿಡುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಕೆಲಸವನ್ನು ಅದು ತಡೆಯುತ್ತದೆ. ನಾಲ್ಕಿರುವುದು 200 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್. ಅದು ಗರ್ಭಕೋಶವನ್ನು ಕುಗ್ಗಿಸಿ ಒಳಗಿರುವುದನ್ನು ಹೊರಗೆ ತಳ್ಳುತ್ತದೆ. ಮೊದಲನೆಯದು ಕೆಲಸ ಶುರು ಮಾಡಲು ಹೊತ್ತು ಬೇಕು. ಅದಕ್ಕೇ ಎರಡರ ನಡುವೆ ಒಂದರಿಂದ ಎರಡು ದಿನ ಬಿಡುವುದು. ಒಟ್ಟಿಗೆ ನುಂಗಿದರೆ ಬೇಗ ಆಗುತ್ತದೆ ಅನ್ನುವುದು ಅಂಗಡಿ ಕಟ್ಟೆಯ ವೈದ್ಯ. ಎರಡನೆಯ ಮಾತ್ರೆಗಳನ್ನು ನುಂಗುವುದಕ್ಕಿಂತ ಹೆಚ್ಚಾಗಿ ನಾಲಿಗೆಯ ಕೆಳಗೋ, ಕೆನ್ನೆಯ ಒಳಗೋ, ಯೋನಿಯೊಳಗೋ ಇಡಿಸುತ್ತಾರೆ. ಕೆಲವು ಗಂಟೆಗಳಲ್ಲಿ ಮುಟ್ಟಿನ ನೋವಿಗಿಂತ ಜೋರಾದ ನೋವು, ಗಡ್ಡೆಗಟ್ಟಿದ ರಕ್ತ, ಕೆಲವರಿಗೆ ಚಳಿ, ಭೇದಿ, ಸ್ವಲ್ಪ ಜ್ವರ. ಇದೆಲ್ಲ ಔಷಧದ ಸಹಜ ರೀತಿ. ಹದಿನೈದನೆಯ ದಿನ ಬಂದು ಪೂರ್ತಿ ಆಗಿದೆಯೇ ಎಂದು ತೋರಿಸಿಕೊಳ್ಳಬೇಕು. ನೂರರಲ್ಲಿ ಸುಮಾರು 95 ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ. ಉಳಿದವರಿಗೆ ಆಸ್ಪತ್ರೆ ಬೇಕು. ಗಂಟೆಗೆ ಎರಡು ಪ್ಯಾಡ್ ಪೂರ್ತಿ ನೆನೆದು, ಹಾಗೇ ಎರಡು ಗಂಟೆ ಹೋದರೆ, ನೂರರ ಮೇಲಿನ ಜ್ವರ ಒಂದು ದಿನ ದಾಟಿಯೂ ಇಳಿಯದಿದ್ದರೆ, ಕೆಟ್ಟ ವಾಸನೆ ಬಂದರೆ ಬೆಳಗಾಗಲಿ ಅಂತ ಕಾಯಬಾರದು.

ಮಾತ್ರೆ ಕೊಡುವ ಮೊದಲು ಮಾಡಬೇಕಾದ್ದು ದೊಡ್ಡದೇನಲ್ಲ. ಎಷ್ಟು ವಾರ ಅಂತ ನೋಡಬೇಕು, ರಕ್ತ ಎಷ್ಟಿದೆ ನೋಡಬೇಕು, ರಕ್ತದ ಗುಂಪು ನೆಗೆಟಿವ್ವೋ ಅಂತ ತಿಳಿದಿರಬೇಕು, ವಂಕಿ (ಕಾಪರ್-ಟಿ) ಹಾಕಿಸಿಕೊಂಡಿದ್ದರೆ ಅದನ್ನು ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಗರ್ಭ ಚೀಲದಲ್ಲೇ ಇದೆಯೋ, ಅಂಡ ಬರುವ ನಳಿಕೆಯಲ್ಲಿ ನಿಂತಿದೆಯೋ ಅನ್ನುವುದು. ನಳಿಕೆಯ ಗರ್ಭಕ್ಕೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ರಕ್ತ ಕಂಡಿತು, ಆಯಿತು ಅಂದುಕೊಂಡವಳು ಒಂದು ದಿನ ನಳಿಕೆ ಒಡೆದು ಹೊಟ್ಟೆಯೊಳಗೇ ರಕ್ತ ಸುರಿದು ಕುಸಿಯುತ್ತಾಳೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಕೂತು ಇದನ್ನು ಯಾವ ಗಂಡನೂ ಪತ್ತೆ ಮಾಡಲಾರ.

(ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೀವಿಯಲ್ಲಿ ಬರುವ 72 ಗಂಟೆಯ ಮಾತ್ರೆ ಬೇರೆ, ಇದು ಬೇರೆ. ಅದು ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳುವ ಮಾತ್ರೆ. ನಿಂತ ಗರ್ಭವನ್ನು ಅದು ಏನೂ ಮಾಡುವುದಿಲ್ಲ. ದಿನ ತಪ್ಪಿದ ಮೇಲೆ ಅದನ್ನು ಮೂರು ಮೂರು ತಿಂದು ಕಾದು ಕೂತು ವಾರ ಕಳೆದುಕೊಂಡ ಕಾಲೇಜು ಹುಡುಗಿಯರನ್ನು ನೋಡಿದ್ದೇನೆ.)

ಹಾಗಾದರೆ ಹೆಂಗಸರು ಅಂಗಡಿಗೆ ಯಾಕೆ ಹೋಗುತ್ತಾರೆ? 2015ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.56 ಕೋಟಿ ಗರ್ಭಪಾತಗಳಾದವು, ಅದರಲ್ಲಿ ನೂರಕ್ಕೆ 73 ಆಸ್ಪತ್ರೆಯ ಹೊರಗೆ ಮಾತ್ರೆಯಿಂದಲೇ ಆದವು ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಇಷ್ಟೊಂದು ಹೆಂಗಸರಿಗೆ ಬುದ್ಧಿಯಿಲ್ಲ ಅಂತ ಅಂದುಕೊಳ್ಳುವುದು ಸುಲಭ. ನಾನು ಮೂವತ್ತು ವರ್ಷ ಹಾಗೇ ಅಂದುಕೊಂಡಿದ್ದೆ. ಅಂಗಡಿಯವನು ಗಂಡನ ಸೈನ್ ಕೇಳುವುದಿಲ್ಲ, ಗುರುವಾರ ಬಾ ಅನ್ನುವುದಿಲ್ಲ, "ಎರಡಿವೆಯಲ್ಲ, ಇನ್ನೂ ಯಾಕೆ ಆಪರೇಷನ್ ಮಾಡಿಸಿಕೊಂಡಿಲ್ಲ" ಅಂತ ಹತ್ತು ಜನದ ಮುಂದೆ ಕೇಳುವುದಿಲ್ಲ. ಅದಕ್ಕೇ ಹೋಗುತ್ತಾರೆ.

ಈ ಗಂಡನ ಸೈನಿನ ಕತೆ ನೋಡಿ. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಒಪ್ಪಿಗೆಯೊಂದೇ ಸಾಕು ಅಂತ ಕಾಯ್ದೆಯಲ್ಲಿ ಮೊದಲ ದಿನದಿಂದಲೂ ಇದೆ. 'ಸಿ' ನಮೂನೆಯಲ್ಲಿ ಅವಳು ಸಹಿ ಹಾಕಬೇಕು, ಬಾರದಿದ್ದರೆ ಹೆಬ್ಬೆಟ್ಟು. ಹದಿನೆಂಟರ ಒಳಗಿನವಳಾದರೆ ಪೋಷಕರ ಸಹಿ. ಗಂಡನ ಸಹಿಗೆ ಆ ಒಪ್ಪಿಗೆಯ ಕಾಗದದಲ್ಲಿ ಜಾಗವೇ ಇಲ್ಲ. ಹಾಗಿದ್ದೂ ನಾನು ಎಷ್ಟೋ ವರ್ಷ ಕೇಳಿದೆ. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರ್ ಕೇಳುತ್ತಿದ್ದರು, ನಾನೂ ಕೇಳಿದೆ. ನಾಳೆ ಗಂಡ ಬಂದು ಗಲಾಟೆ ಮಾಡಿದರೆ ನಮ್ಮ ಕೈಯಲ್ಲಿ ಕಾಗದ ಇರಲಿ ಅನ್ನುವ ಹೆದರಿಕೆ. ನಮ್ಮ ರಕ್ಷಣೆಗೆ ಅವಳ ಎರಡು ವಾರ. ಗಂಡ ಲಾರಿ ಹತ್ತಿ ಗೋವಾಕ್ಕೆ ಹೋಗಿದ್ದಾನೆ, ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ, ಗಂಡ ಬಿಟ್ಟು ನಾಲ್ಕು ವರ್ಷವಾಗಿದೆ — ಇದನ್ನೆಲ್ಲ ಅವಳು ಟೇಬಲಿನ ಮುಂದೆ ನಿಂತು ಹೇಳಬೇಕಿತ್ತು.

ಅದಕ್ಕಿಂತ ನಾಚಿಕೆಯದು ಇನ್ನೊಂದಿದೆ. ಮೂರನೆಯದು, ನಾಲ್ಕನೆಯದು ಬೇಡ ಅಂತ ಬಂದವರಿಗೆ, "ಜೊತೆಗೆ ಆಪರೇಷನ್ನೂ ಮಾಡಿಸಿಕೊಳ್ಳೋದಾದ್ರೆ ತೆಗೀತೀವಿ" ಅನ್ನುತ್ತಿದ್ದೆವು. ಮಾರ್ಚ್ ತಿಂಗಳು ಹತ್ತಿರ ಬಂದು ಆಪರೇಷನ್ನಿನ ಟಾರ್ಗೆಟ್ ಬಾಕಿಯಿದ್ದರೆ ಅಂತೂ ಕೇಳಲೇ ಬೇಡಿ. ಅದಕ್ಕೆ ಕಾನೂನು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಹೋಗುವಾಗ ಮುಂದೇನು ಮಾಡುತ್ತೀ ಅಂತ ಕೇಳಿ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆ, ವಂಕಿ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಇವೆ ಅಂತ ಹೇಳುವುದು ನಮ್ಮ ಕೆಲಸ. ಅದು ಸಲಹೆ. ಒಂದಕ್ಕೊಂದು ಗಂಟು ಹಾಕಿದರೆ ಅದು ಬೇರೆಯೇ.

ಒಂಬತ್ತು ವಾರ ದಾಟಿದರೆ ಉಳಿಯುವುದು ಥಿಯೇಟರಿನ ದಾರಿ. ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ಡಿಎನ್‌ಸಿ. "ಕ್ಲೀನ್ ಮಾಡಿಸೋದು" ಅಂತಲೂ ಅನ್ನುತ್ತಾರೆ. ಗರ್ಭಕೋಶದ ಬಾಯಿ ಅಗಲಿಸಿ, ಚೂಪು ಅಂಚಿನ ಕಬ್ಬಿಣದ ಚಮಚದಂಥ ಸಾಧನದಿಂದ ಒಳಗೋಡೆಯನ್ನು ಕೆರೆಯುವುದು. ಮಂಪರು ಇಲ್ಲವೇ ಅರಿವಳಿಕೆ ಬೇಕು. ಕೈ ಒಂದಿಷ್ಟು ಮುಂದೆ ಹೋದರೆ ಗರ್ಭಕೋಶಕ್ಕೆ ತೂತು, ಹೆಚ್ಚು ಕೆರೆದರೆ ಒಳಗೋಡೆ ಅಂಟಿಕೊಂಡು ಮುಂದೆ ಮುಟ್ಟೇ ಬಾರದ ತೊಂದರೆ. ಈ ಕೆರೆಯುವ ವಿಧಾನ ಬಿಡಿ, ಅದರ ಬದಲು ಎಳೆದು ತೆಗೆಯುವ ವಿಧಾನ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲೂ ಹೇಳಿತು, 2022ರಲ್ಲಿ ಮತ್ತೆ ಹೇಳಿತು.

ಎಳೆದು ತೆಗೆಯುವ ವಿಧಾನದ ಸಾಧನವನ್ನು ನಾನು ಕಣ್ಣಾರೆ ಕಂಡು ಕೈಯಾರೆ ತೊಳೆದವಳು. ನಮ್ಮ ಆಸ್ಪತ್ರೆಗೆ ಬಂದ ಒಬ್ಬ ಯುವ ವೈದ್ಯೆ ತರಬೇತಿಯಿಂದ ಅದನ್ನು ತಂದರು. ಎಂವಿಎ ಸಿರಿಂಜ್ ಅಂತ ಹೆಸರು. 60 ಎಂಎಲ್‌ನ ಪ್ಲಾಸ್ಟಿಕ್ ಸಿರಿಂಜು, ಮೂತಿಯ ಹತ್ತಿರ ಎರಡು ಗುಂಡಿ, ತುದಿಗೆ ಸಿಕ್ಕಿಸಲು ಬೇರೆ ಬೇರೆ ದಪ್ಪದ ಮೆತ್ತನೆಯ ನಳಿಕೆಗಳು. ಗುಂಡಿ ಒತ್ತಿ ಹಿಡಿ ಎಳೆದರೆ ಒಳಗೆ ನಿರ್ವಾತ. ಗರ್ಭಕೋಶದ ಬಾಯಿಯ ಪಕ್ಕ ಮರಗಟ್ಟಿಸುವ ಇಂಜೆಕ್ಷನ್, ನಳಿಕೆ ಒಳಗೆ, ಗುಂಡಿ ಬಿಟ್ಟರೆ ತಾನೇ ಎಳೆದುಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷ. ಹನ್ನೆರಡು ವಾರದವರೆಗೆ ನಡೆಯುತ್ತದೆ. ಹೆಂಗಸು ಎಚ್ಚರವಾಗಿಯೇ ಇರುತ್ತಾಳೆ, ನಾನು ತಲೆ ಹತ್ತಿರ ನಿಂತು ಅವಳ ಮಕ್ಕಳ ಹೆಸರು, ತೋಟದ ಮೆಣಸು ಅಂತ ಏನಾದರೂ ಮಾತಾಡಿಸುತ್ತಿದ್ದೆ. ಆಮೇಲೆ ಬಂದದ್ದನ್ನು ಗಾಜಿನ ತಟ್ಟೆಯ ನೀರಿನಲ್ಲಿ ತೇಲಿಸಿ ಬೆಳಕಿಗೆ ಹಿಡಿದು ನೋಡುವುದು. ಪೂರ್ತಿ ಬಂದಿದೆಯೇ, ಗರ್ಭ ಚೀಲದಲ್ಲೇ ಇತ್ತೇ ಅನ್ನುವುದು ಅಲ್ಲೇ ತಿಳಿಯುತ್ತದೆ. ಮಧ್ಯಾಹ್ನ ಊಟ ಮಾಡಿಕೊಂಡು ಬಸ್ಸಿಗೆ ಹೋದವರಿದ್ದಾರೆ.

ಇದಕ್ಕೆ ಕರೆಂಟ್ ಬೇಕಿಲ್ಲ. ಈ ಒಂದು ಸಾಲಿಗೆ ಮಲೆನಾಡಿನಲ್ಲಿ ಎಷ್ಟು ಬೆಲೆ ಅಂತ ಜಿಲ್ಲಾ ಕಚೇರಿಯಲ್ಲಿ ಕೂತವರಿಗೆ ನಾನು ಹೇಳಬೇಕೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಅನ್ನುವುದು ನೆಂಟರ ಹಾಗೆ ಬಂದು ಹೋಗುತ್ತದೆ. ಅರಿವಳಿಕೆಯವರೂ ಬೇಕಿಲ್ಲ. ನಮ್ಮ "ಗುರುವಾರ ಬಾ" ಎಂಬ ಮಾತಿನ ಹಿಂದೆ ಇದ್ದದ್ದು ಅರಿವಳಿಕೆ ತಜ್ಞರು ವಾರಕ್ಕೊಮ್ಮೆ ಬರುತ್ತಿದ್ದದ್ದು. ಆ ವೈದ್ಯೆ ಇದ್ದ ಎರಡು ವರ್ಷ ಗುರುವಾರ ಎಂಬುದೇ ಇರಲಿಲ್ಲ.

ಆಮೇಲೆ ಅವರಿಗೆ ವರ್ಗವಾಯಿತು. ಸಿರಿಂಜು ಬೀರುವಿಗೆ ಹೋಯಿತು. ಬೀರುವಿನ ಕೀಲಿ ಸ್ಟೋರಿನವರ ಹತ್ತಿರ, ಸ್ಟಾಕ್ ಬುಕ್ಕಿನಲ್ಲಿ ಸಾಲು ಸರಿಯಾಗಿದೆ, "ಎರಡು, ಉಪಯೋಗಕ್ಕೆ ಯೋಗ್ಯ". ಹೊಸಬರಿಗೆ ತರಬೇತಿ ಇಲ್ಲ. ಮತ್ತೆ ಗುರುವಾರ, ಮತ್ತೆ ಡಿಎನ್‌ಸಿ. ನಾನು ನಿವೃತ್ತಳಾಗುವ ದಿನ ಚಾರ್ಜ್ ಕೊಡುವಾಗ ಆ ಎರಡು ಸಿರಿಂಜುಗಳನ್ನು ಮತ್ತೆ ಎಣಿಸಿ ಕೊಟ್ಟೆ.

ಹನ್ನೆರಡು ವಾರವೂ ದಾಟಿದರೆ ಆ ದಾರಿಯೂ ಕಿರಿದಾಗುತ್ತದೆ. ಆಗ ವಾರ್ಡಿಗೆ ಸೇರಿಸಿ, ಗಂಟೆಗಳ ಅಂತರದಲ್ಲಿ ಮತ್ತೆ ಮತ್ತೆ ಔಷಧ ಕೊಟ್ಟು, ಹೆರಿಗೆಯ ಹಾಗೇ ನೋವು ಬರಿಸಿ ಮುಗಿಸಬೇಕು. ಇಲ್ಲವೇ ಕೈ ಪಳಗಿದ ತಜ್ಞರೇ ಥಿಯೇಟರಿನಲ್ಲಿ ಮಾಡಬೇಕು. ತಾಲ್ಲೂಕಿನಲ್ಲಿ ಒಲ್ಲೆ ಅನ್ನುತ್ತಾರೆ, ಜಿಲ್ಲೆಗೆ ಬರೆದುಕೊಡುತ್ತಾರೆ. ಕಳಸದವಳು ಚಿಕ್ಕಮಗಳೂರಿಗೆ ಬಂದು ಹೋಗಬೇಕೆಂದರೆ ಒಂದು ದಿನವೇ ಬೇಕು, ಉಳಿಯಬೇಕಾದರೆ ಜೊತೆಗೊಬ್ಬರು ಬೇಕು, ಇಬ್ಬರ ಕೂಲಿ ಹೋಗುತ್ತದೆ, ಮನೆಯಲ್ಲಿ ಮಕ್ಕಳಿಗೆ ಸುಳ್ಳು ಹೇಳಬೇಕು. ಆನೆ ಓಡಾಡುವ ಕಾಲದಲ್ಲಿ ಬೆಳಿಗ್ಗೆ ಐದೂವರೆಯ ಬಸ್ಸಿಗೆ ನಡೆದು ಬರುವುದೂ ಒಂದು ಲೆಕ್ಕವೇ. ನಾವು ಟೇಬಲಿನ ಹಿಂದೆ ಕೂತು "ಮುಂದಿನ ವಾರ" ಅಂದಾಗ ಅವಳು ಐದು ಮಾತ್ರೆಯಿಂದ ಸಿರಿಂಜಿಗೆ, ಸಿರಿಂಜಿನಿಂದ ವಾರ್ಡಿಗೆ ಜಾರುತ್ತಿರುತ್ತಾಳೆ. ವಾರ ಹೆಚ್ಚಿದಷ್ಟೂ ಅಪಾಯ ಹೆಚ್ಚು ಅಂತ ನಮಗೆ ನರ್ಸಿಂಗ್ ಶಾಲೆಯಲ್ಲೇ ಕಲಿಸಿರುತ್ತಾರೆ.

ಕಾಯ್ದೆ ಈ ನಡುವೆ ಮುಂದೆ ಹೋಗಿದೆ. ಸೆಪ್ಟೆಂಬರ್ 2021ರಿಂದ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 20ರಿಂದ 24 ವಾರದವರೆಗೆ ಇಬ್ಬರದು ಬೇಕು, ಅದು ಅತ್ಯಾಚಾರಕ್ಕೆ ಒಳಗಾದವರು, ಅಪ್ರಾಪ್ತೆಯರು, ಬಸುರಿಯಾದ ಮೇಲೆ ವಿಧವೆಯಾದವರು ಅಥವಾ ವಿಚ್ಛೇದನವಾದವರು, ಅಂಗವಿಕಲರು ಮುಂತಾದ ಕೆಲವರಿಗೆ. ಮಗುವಿನಲ್ಲಿ ಗಂಭೀರ ದೋಷ ಕಂಡರೆ 24 ದಾಟಿದ ಮೇಲೂ ವೈದ್ಯಕೀಯ ಮಂಡಳಿಯ ಮುಂದೆ ಹೋಗಬಹುದು. ಮಂಡಳಿ ಮೂರು ದಿನದಲ್ಲಿ ಹೇಳಬೇಕು. ಗರ್ಭನಿರೋಧಕ ಸೋತು ಬಸುರಾದವರ ವಿಚಾರದಲ್ಲಿ "ವಿವಾಹಿತೆ ಅಥವಾ ಅವಳ ಪತಿ" ಅಂತ ಇದ್ದದ್ದು "ಯಾವುದೇ ಮಹಿಳೆ ಅಥವಾ ಅವಳ ಸಂಗಾತಿ" ಅಂತ ಆಯಿತು. ಮರು ವರ್ಷ, 2022ರ ಸೆಪ್ಟೆಂಬರ್ 29ರಂದು, 24 ವಾರದ ಅವಕಾಶದಲ್ಲೂ ಮದುವೆಯಾದವಳು ಆಗದವಳು ಅಂತ ಭೇದ ಮಾಡಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂವರ ಆ ಪೀಠದಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬೋಪಣ್ಣ ಅವರೂ ಇದ್ದರು. ಹದಿನೆಂಟರೊಳಗಿನ ಹುಡುಗಿ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಬೇಕು ನಿಜ. ಆದರೆ ಹುಡುಗಿಯೂ ಪೋಷಕರೂ ಬೇಡವೆಂದರೆ ಅವಳ ಹೆಸರು, ಗುರುತನ್ನು ಆ ಮಾಹಿತಿಯಲ್ಲಿ ಬರೆಯಬೇಕಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ.

ಇದು ನಾನು ನಿವೃತ್ತಳಾದ ವರ್ಷ ಬಂದ ತೀರ್ಪು. ನಾನು ಓದಿದ್ದು ಮನೆಯಲ್ಲಿ ಕೂತು, ಪೇಪರಿನಲ್ಲಿ. ಒಪಿಡಿಯ ಟೇಬಲಿಗೆ ಅದು ಬಂದು ಮುಟ್ಟಿದೆಯೇ? ಕಳೆದ ವರ್ಷ ನನ್ನ ಪರಿಚಯದ ಮನೆಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಒಂದು ಕಡೆ ಹೋಗಿದ್ದೆ. ಆಧಾರ್ ಕಾರ್ಡು, ಅಪ್ಪನ ಫೋನ್ ನಂಬರು, "ಮದುವೆ ಯಾವಾಗ ಆಯ್ತು" ಮೂರೂ ಕೇಳಿದರು. ಈ ಮೂರೂ ಕಾಯ್ದೆಯಲ್ಲಿಲ್ಲ. ನಾನು ಹಳೇ ಸಿಸ್ಟರ್ ಅಂತ ಗೊತ್ತಾದ ಮೇಲೆ ಕುರ್ಚಿ ಕೊಟ್ಟರು, ಕೆಲಸವೂ ಆಯಿತು. ನನ್ನಂಥವಳು ಜೊತೆಗಿಲ್ಲದ ಹುಡುಗಿ ಅವತ್ತು ವಾಪಸ್ ಹೋಗುತ್ತಿದ್ದಳು.

ಅಸ್ಸಾಮಿನಿಂದಲೋ ಎಲ್ಲಿಂದಲೋ ತೋಟಕ್ಕೆ ಬಂದ ಹೆಂಗಸರ ಪಾಡು ಇನ್ನೂ ಬೇರೆ. ಭಾಷೆಗೆ ಮೇಸ್ತ್ರಿಯೇ ಗತಿ. ತನ್ನ ಬಸುರಿನ ವಿಚಾರವನ್ನು ಮೇಸ್ತ್ರಿಯ ಬಾಯಿಂದ ಹೇಳಿಸಬೇಕು. ಯಾರು ಬರುತ್ತಾರೆ?

ಮೆಡಿಕಲ್ ಶಾಪಿನವರ ಬಗ್ಗೆಯೂ ನ್ಯಾಯವಾಗಿ ಎರಡು ಮಾತು. 2023ರ ಕೊನೆಯಲ್ಲಿ ಮಂಡ್ಯ ಕಡೆಯ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟು ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಅಂಥವರಿಗೆ ಎಷ್ಟು ಶಿಕ್ಷೆಯಾದರೂ ಕಡಿಮೆಯೇ. ಆದರೆ ಲಿಂಗ ಪತ್ತೆ ತಡೆಯಲು 1994ರ ಕಾಯ್ದೆ ಬೇರೆಯೇ ಇದೆ. ಎಂಟು ವಾರದ ಬಸುರಿನಲ್ಲಿ ಹೆಣ್ಣೋ ಗಂಡೋ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಭ್ರೂಣಹತ್ಯೆ ತಡೆಯುತ್ತೇವೆ ಅಂತ ಒಂಬತ್ತು ವಾರದೊಳಗಿನ ಮಾತ್ರೆಯ ಮೇಲೆ ಕಣ್ಣು ಕೆಂಪಗೆ ಮಾಡಿದರೆ ಆಗುವುದು ಇಷ್ಟೆ. ಚೀಟಿ ನೋಡಿ ಬಿಲ್ಲು ಹಾಕಿ ಕೊಡುತ್ತಿದ್ದ ನಿಯತ್ತಿನ ಅಂಗಡಿಯವನು, ಯಾಕೆ ಬೇಕು ರಗಳೆ ಅಂತ ಇಡುವುದನ್ನೇ ಬಿಡುತ್ತಾನೆ. ಚೀಟಿಯಿಲ್ಲದೆ ಮಾರುವವನು ಕೌಂಟರಿನ ಕೆಳಗಿಟ್ಟು ದುಡ್ಡು ಏರಿಸುತ್ತಾನೆ. ನನ್ನ ಕಣ್ಣೆದುರು ನಮ್ಮ ಪೇಟೆಯಲ್ಲೇ ಹೀಗಾಗಿದೆ.

ಇನ್ನು ಕೇಳಬೇಕಾದ್ದು. ಸರ್ಕಾರಿ ಆಸ್ಪತ್ರೆಗೆ ಗರ್ಭಪಾತ ಮಾಡಲು ನಿಮ್ಮ ಸಮಿತಿಯ ಪರವಾನಗಿ ಬೇಕಿಲ್ಲ, ಕಾಯ್ದೆಯೇ ಒಪ್ಪಿದ ಜಾಗ ಅದು. ಬೇಕಾದ್ದು ಅರ್ಹತೆಯಿರುವ ವೈದ್ಯರು. ಹೆರಿಗೆ ತಜ್ಞರೇ ಆಗಬೇಕಂತಿಲ್ಲ. 2021ರ ನಿಯಮದ ಪ್ರಕಾರ ಹೆರಿಗೆ ವಿಭಾಗದಲ್ಲಿ ಮೂರು ತಿಂಗಳ ಅನುಭವ ಇರುವ, ಇಲ್ಲವೇ ಮೇಲ್ವಿಚಾರಣೆಯಲ್ಲಿ ಹತ್ತು ಕೇಸು ಮಾಡಿದ ಎಂಬಿಬಿಎಸ್ ವೈದ್ಯರು ಒಂಬತ್ತು ವಾರದವರೆಗೆ ಮಾತ್ರೆ ಕೊಡಬಹುದು. ಹತ್ತು ಕೇಸು! ಚಿಕ್ಕಮಗಳೂರಿನಲ್ಲಿ ಈಗ ಮೆಡಿಕಲ್ ಕಾಲೇಜೇ ಇದೆ, ಪಕ್ಕದ ಹಾಸನದಲ್ಲೂ ಇದೆ. ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಮೂಡಿಗೆರೆ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಸರದಿಯಲ್ಲಿ ಕಳಿಸಿ ಈ ಹತ್ತನ್ನು ಮುಗಿಸುವುದು ಕಷ್ಟದ ಮಾತೇ? ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರಲ್ಲ, ಇಬ್ಬರಿಗೆ ಸಿರಿಂಜಿನ ತರಬೇತಿ ಕೊಡಿಸಿ, ಒಬ್ಬರಿಗೆ ವರ್ಗವಾದರೂ ಕೆಲಸ ನಿಲ್ಲದ ಹಾಗೆ. ಬೀರುಗಳನ್ನು ಒಮ್ಮೆ ತೆಗೆಸಿ ನೋಡಿ, ಎಷ್ಟು ಸಿರಿಂಜು ನಿದ್ದೆ ಹೋಗುತ್ತಿವೆ ಅಂತ.

ಆಶಾ ತಂಗಿಯರ ಚೀಲದಲ್ಲಿ 'ನಿಶ್ಚಯ' ಮೂತ್ರ ಪರೀಕ್ಷೆಯ ಕಿಟ್ ಇದೆ. ದಿನ ತಪ್ಪಿದ ವಾರದಲ್ಲೇ ಹೇಳಿಬಿಡುವಂಥದ್ದು, ಇದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಆದರೆ ಬಸುರು ಬೇಡದವಳು ಅದೇ ಆಶಾಳನ್ನು ಕಂಡರೆ ಹಿತ್ತಿಲ ಬಾಗಿಲಿಂದ ಜಾರುತ್ತಾಳೆ. ಯಾಕೆಂದರೆ ಎರಡು ಗೆರೆ ಬಂದ ಕೂಡಲೇ ತಾಯಿ ಕಾರ್ಡು, ನಂಬರು, ಕಂಪ್ಯೂಟರಿನಲ್ಲಿ ಹೆಸರು. ಒಮ್ಮೆ ಹೆಸರು ಏರಿದರೆ "ಏನಾಯ್ತು ನಿನ್ನ ಬಸುರು" ಅಂತ ಕೇಳುವವರು ಹತ್ತು ಜನ. ಪರೀಕ್ಷೆ ಆದಮೇಲೆ "ಇಟ್ಟುಕೊಳ್ತೀಯೇನವ್ವಾ?" ಅನ್ನುವ ಒಂದು ಪ್ರಶ್ನೆ ಕೇಳಿ, ಆಮೇಲೆ ಕಾರ್ಡು ಬರೆಯಿರಿ ಅಂತ ಆಶಾಗಳಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಮೇಲಿನವರು ಹೇಳದೆ ಅವರು ಆ ಪ್ರಶ್ನೆ ಕೇಳುವುದಿಲ್ಲ, ಹೆದರುತ್ತಾರೆ. ನಾನೂ ಹೆದರಿದವಳೇ.

ಕಡೆಯದಾಗಿ ಒಂದು ಬೋರ್ಡು. ಪ್ರತಿ ತಾಲ್ಲೂಕು ಆಸ್ಪತ್ರೆಯ ಹೆಂಗಸರ ಒಪಿಡಿಯ ಗೋಡೆಯ ಮೇಲೆ, ಒಳಗಡೆ ಅಲ್ಲ, ಕಾಯುವ ಬೆಂಚಿನ ಎದುರಿಗೆ, ಇಷ್ಟು ಬರೆಸಿ:

"ಬಸುರು ಬೇಡವಾಗಿದ್ದರೆ ಬೇಗ ಬನ್ನಿ. 9 ವಾರದೊಳಗೆ ಮಾತ್ರೆ, 12 ವಾರದೊಳಗೆ ಸಿರಿಂಜಿನ ವಿಧಾನ, ಇಲ್ಲೇ, ಪ್ರತಿದಿನ. ವಾರದ ಎಣಿಕೆ ಕೊನೆಯ ಮುಟ್ಟಿನ ಮೊದಲ ದಿನದಿಂದ. 18 ತುಂಬಿದ್ದರೆ ನಿಮ್ಮ ಸಹಿ ಸಾಕು, ಗಂಡನದು ಬೇಡ. ಮದುವೆ ಆಗಿದೆಯೇ ಎಂದು ಯಾರೂ ಕೇಳುವಂತಿಲ್ಲ. ನಿಮ್ಮ ಹೆಸರು ಹೊರಗೆ ಹೋಗುವುದಿಲ್ಲ. ಅಂಗಡಿಯ ಮಾತ್ರೆ ತಿಂದು ತೊಂದರೆಯಾಗಿದ್ದರೂ ಬನ್ನಿ, ಬೈಯುವುದಿಲ್ಲ."

"ಪ್ರತಿದಿನ" ಅನ್ನುವ ಶಬ್ದ ಬರೆಯಲು ಈಗ ಆಗದಿದ್ದರೆ ಆ ಜಾಗ ಖಾಲಿ ಬಿಡಿ, ಆಮೇಲೆ ತುಂಬಿಸಬಹುದು. "ಬೈಯುವುದಿಲ್ಲ" ಎಂಬುದನ್ನು ಮಾತ್ರ ಬಿಡಬೇಡಿ. ನಮ್ಮ ಊರಿನಲ್ಲಿ ಅಕ್ಷರ ದುಂಡಗೆ ಬರೆಯುವ ಒಬ್ಬ ಪೇಂಟರ್ ಇದ್ದಾನೆ, ಮೊದಲನೆಯ ಗೋಡೆಯ ಕೂಲಿ ನನ್ನ ಪಿಂಚಣಿಯಿಂದ ಕೊಡುತ್ತೇನೆ. ಮೇ ಮುಗಿಯುವುದರೊಳಗೆ ಅಪ್ಪಣೆ ಕೊಡಿ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಗೋಡೆಯ ಬಣ್ಣ ಒಣಗುವುದಿಲ್ಲ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ
ಮೂಡಿಗೆರೆ ತಾಲ್ಲೂಕು